ಡೀಪ್ ಡಿಶ್ ರಿಮ್ ಹಾಕಿದ ಹಳೆಯ ಜಪಾನಿ ಕಾರು ನಡುಗುತ್ತಿದ್ದರೆ: ಹಬ್‌ನಿಂದ ಹೊರಕ್ಕೆ ದೋಷ ಹುಡುಕುವ ಕ್ರಮ

ನಿಸ್ಸಾನ್‌ನ ಮೊದಲ ತಲೆಮಾರಿನ ಫೇರ್‌ಲೇಡಿ ಜೆಡ್, ಹಾಕೊಸುಕ ಎಂದು ಹೆಸರಾದ ಸ್ಕೈಲೈನ್, ಟೊಯೋಟಾದ ಎಪ್ಪತ್ತರ ದಶಕದ ಸೆಲಿಕಾ, ಆಮೇಲೆ ಬಂದ ಎಇ86. ಯಾವುದೇ ಆಗಲಿ, ಕಾರ್ಖಾನೆಯ ಕಿರಿದಾದ ಉಕ್ಕಿನ ಚಕ್ರವನ್ನು ಬಿಚ್ಚಿ ಎಂಟೊಂಬತ್ತು ಅಂಗುಲ ಅಗಲದ ಡೀಪ್ ಡಿಶ್ ರಿಮ್ (ನಡುಭಾಗ ಬಟ್ಟಲಿನಂತೆ ಒಳಕ್ಕೆ ಸರಿದ ಚಕ್ರ) ಹಾಕಿದ ಮೇಲೆ ಬರುವ ದೂರುಗಳು ಹೆಚ್ಚುಕಡಿಮೆ ಒಂದೇ. ಗಂಟೆಗೆ 80 ಕಿ.ಮೀ. ದಾಟಿದರೆ ಸ್ಟೀರಿಂಗ್ ನಡುಗುತ್ತದೆ. ರಸ್ತೆಯಲ್ಲಿ ಲಾರಿ ಚಕ್ರದ ಜಾಡು ಇದ್ದರೆ ಕಾರು ಅದರ ಹಿಂದೆಯೇ ಓಡುತ್ತದೆ. ಉಬ್ಬು ಹತ್ತಿದಾಗ ಎಲ್ಲಿಯೋ ಉಜ್ಜುವ ಸದ್ದು ಬರುತ್ತದೆ. ಮೂರು ಚಕ್ರದಲ್ಲಿ ಗಾಳಿ ಸರಿಯಾಗಿದ್ದು ನಾಲ್ಕನೆಯದರಲ್ಲಿ ಮಾತ್ರ ಇಳಿದಿರುತ್ತದೆ.

ಇಂಥ ಕಾರಿನ ಮಾಲೀಕರು ಮೊದಲು ಹೋಗುವುದು ಬ್ಯಾಲೆನ್ಸಿಂಗ್ ಯಂತ್ರದ ಮುಂದೆ. ತೂಕದ ಮೇಲೆ ತೂಕ ಅಂಟಿಸಿದರೂ ನಡುಕ ಹೋಗುವುದಿಲ್ಲ. ಹೋಗದಿರುವುದಕ್ಕೆ ಕಾರಣವಿದೆ. ಅಗಲದ ರಿಮ್ ತಾನಾಗಿ ಹೊಸ ದೋಷವನ್ನು ತರುವುದಕ್ಕಿಂತ ಹೆಚ್ಚಾಗಿ, ಐವತ್ತು ವರ್ಷ ಹಳೆಯ ಹಬ್ (ಚಕ್ರವನ್ನು ಬಿಗಿಯುವ, ಅದರೊಡನೆ ತಿರುಗುವ ಭಾಗ), ಬೇರಿಂಗ್, ಕೀಲುಗಳ ರಬ್ಬರ್ ಬುಷ್‌ಗಳಲ್ಲಿ ಅಡಗಿದ್ದ ಸವೆತವನ್ನು ದೊಡ್ಡದು ಮಾಡಿ ತೋರಿಸುತ್ತದೆ. ಆದ್ದರಿಂದ ಹುಡುಕಾಟ ಹಬ್‌ನಿಂದ ಶುರುವಾಗಿ ಹೊರಕ್ಕೆ ಬರಬೇಕು: ಹಬ್‌ನ ಮುಖ, ನಟ್, ರಿಮ್, ಟೈರ್, ಕೊನೆಗೆ ಬ್ಯಾಲೆನ್ಸಿಂಗ್. ಈ ಕ್ರಮವನ್ನು ತಲೆಕೆಳಗು ಮಾಡಿದರೆ ಹಣ ಹೋಗುತ್ತದೆ, ದೋಷ ಉಳಿಯುತ್ತದೆ.

ಆಳ ಎಲ್ಲಿಂದ ಬಂತು

ಈ ಶೈಲಿಯ ಬೇರು ರೇಸಿನಲ್ಲಿದೆ. ಎಪ್ಪತ್ತರ ದಶಕದ ಆರಂಭದಲ್ಲಿ ಜಪಾನಿನ ಸರ್ಕ್ಯೂಟ್‌ಗಳಲ್ಲಿ ಓಡುತ್ತಿದ್ದ ಸ್ಕೈಲೈನ್ ಜಿಟಿ-ಆರ್‌ಗಳಿಗೆ ಅಗಲದ ಟೈರ್ ಬೇಕಾಗಿತ್ತು. ಅದಕ್ಕೆಂದು ಚಕ್ರದ ಮೇಲಿನ ತಗಡಾದ ಫೆಂಡರ್ ಕತ್ತರಿಸಿ ಅದರ ಮೇಲೆ ಇನ್ನೊಂದು ಫೆಂಡರನ್ನು ರಿವೆಟ್ ಹೊಡೆದು ಕೂರಿಸಿದರು. ಫುಜಿ ಗ್ರ್ಯಾಂಡ್ ಚಾಂಪಿಯನ್ ಸರಣಿ ನೋಡಲು ಬರುತ್ತಿದ್ದ ಯುವಕರು ಆ ರೂಪವನ್ನು ತಮ್ಮ ಕಾರಿಗೆ ತಂದರು. ವತನಬೆಯ ಎಂಟು ಕಡ್ಡಿಯ ಚಕ್ರ, ಎಸ್‌ಎಸ್‌ಆರ್‌ನ ಮಾರ್ಕ್ ಸರಣಿ ಮತ್ತು ಲಾಂಗ್‌ಚಾಂಪ್, ಹಯಾಶಿ, ವರ್ಕ್‌ನ ಎಕ್ವಿಪ್, ಇವೆಲ್ಲ ಆ ಕಾಲದ ರುಚಿಯನ್ನು ಕಟ್ಟಿದ ಹೆಸರುಗಳು. ನನ್ನ ಕಣ್ಣಿಗೆ ಅವುಗಳಷ್ಟು ಚೆನ್ನಾಗಿ ಈ ಕಾರುಗಳ ಮೇಲೆ ಕೂರುವ ಚಕ್ರ ಇನ್ನೂ ಬಂದಿಲ್ಲ. ಸಮಸ್ಯೆ ಇದೆಯೆಂದು ಅವನ್ನು ಬಿಚ್ಚಿಡಿ ಎಂದು ನಾನು ಹೇಳುವುದಿಲ್ಲ. ಸಮಸ್ಯೆ ಎಲ್ಲಿದೆಯೆಂದು ತಿಳಿದು ಓಡಿಸಿ ಎನ್ನುತ್ತೇನೆ.

ತಿಳಿಯಲು ಒಂದು ಚಿಕ್ಕ ಲೆಕ್ಕ ಸಾಕು. ಚಕ್ರದ ಅಗಲದ ನಡುಗೆರೆಯಿಂದ ಹಬ್‌ಗೆ ತಾಗುವ ಮುಖ ಎಷ್ಟು ದೂರದಲ್ಲಿದೆಯೋ ಅದೇ ಆಫ್‌ಸೆಟ್. ಮುಖವು ನಡುಗೆರೆಗಿಂತ ಹೊರಗಿದ್ದರೆ ಧನ, ಒಳಗಿದ್ದರೆ ಋಣ. ಹಳೆಯ ಚಕ್ರ 5 ಅಂಗುಲ ಅಗಲ, ಆಫ್‌ಸೆಟ್ +12 ಎಂದುಕೊಳ್ಳಿ. ಹೊಸದು 9 ಅಂಗುಲ, ಆಫ್‌ಸೆಟ್ −10. ಹಬ್‌ನ ಮುಖದಿಂದ ಹೊರಕ್ಕೆ ಹಳೆಯ ಚಕ್ರ 51.5 ಮಿ.ಮೀ. ಚಾಚುತ್ತಿತ್ತು, ಹೊಸದು 124.3 ಮಿ.ಮೀ. ಚಾಚುತ್ತದೆ. ಒಳಕ್ಕೆ 75.5 ಇದ್ದದ್ದು 104.3 ಆಗುತ್ತದೆ. ಅಂದರೆ ಚಕ್ರ ಫೆಂಡರ್ ಕಡೆಗೆ ಸುಮಾರು 73 ಮಿ.ಮೀ., ಒಳಗಿನ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಇರುವ ಕಂಬ) ಕಡೆಗೆ 29 ಮಿ.ಮೀ. ಬೆಳೆದಿದೆ. ನಡುಗೆರೆ 22 ಮಿ.ಮೀ. ಹೊರಗೆ ಸರಿದಿದೆ. ಕೆಳಗೆ ಬರುವ ಬಹುಪಾಲು ತೊಂದರೆಗಳು ಈ ಮೂರು ಅಂಕಿಗಳಲ್ಲಿಯೇ ಇವೆ. ನಿಮ್ಮ ಕಾರಿನ ಅಂಕಿಗಳನ್ನು ಅಳೆದು ಬರೆದಿಟ್ಟುಕೊಂಡು ಮುಂದೆ ಓದಿ. ಒಂದು ಎಚ್ಚರಿಕೆ: ರಿಮ್ಮಿನ ಅಗಲ ಎಂದರೆ ಟೈರಿನ ಅಂಚು ಕೂರುವ ಎರಡು ಜಾಗಗಳ ನಡುವಿನ ಅಂತರ. ಸ್ಕೇಲ್ ಇಟ್ಟು ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದರೆ ಸುಮಾರು ಒಂದು ಅಂಗುಲ ಹೆಚ್ಚು ಬರುತ್ತದೆ.

ಮೊದಲ ಪರೀಕ್ಷೆ: ಹಳೆಯ ಚಕ್ರವನ್ನೇ ಹಾಕಿ ಓಡಿಸಿ

ಕಾರಿನ ಜೊತೆ ಬಂದ 14 ಅಥವಾ 13 ಅಂಗುಲದ ಉಕ್ಕಿನ ಚಕ್ರಗಳನ್ನು ಯಾರಿಗೂ ಕೊಟ್ಟುಬಿಡಬೇಡಿ. ಅವು ನಿಮ್ಮ ಬಳಿ ಇರುವ ಅತ್ಯುತ್ತಮ ಪರೀಕ್ಷಾ ಸಾಧನ. ಒಳ್ಳೆಯ ಟೈರ್ ಇರುವ ಹಳೆಯ ಚಕ್ರಗಳನ್ನು ಹಾಕಿ ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ ಓಡಿಸಿ. ನಡುಕ ಪೂರ್ತಿ ಹೋದರೆ ದೋಷ ಹೊಸ ಚಕ್ರದಲ್ಲಿ ಅಥವಾ ಅದು ಹಬ್ ಮೇಲೆ ಕೂರುವ ರೀತಿಯಲ್ಲಿದೆ. ಕಡಿಮೆಯಾಗಿ ಉಳಿದುಕೊಂಡರೆ ಕಾರಿನಲ್ಲಿ ಸವೆತವಿದೆ, ಹೊಸ ಚಕ್ರ ಅದನ್ನು ಹೆಚ್ಚಿಸುತ್ತಿದೆ. ಬದಲಾಗದಿದ್ದರೆ ಚಕ್ರದ ಮೇಲಿನ ಅನುಮಾನವನ್ನು ಬಿಟ್ಟು, ಇಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಮತ್ತು ಡಿಫರೆನ್ಷಿಯಲ್ ಕಡೆ ತಿರುಗಿ.

ನಡುಕದ ಗುಣವನ್ನು ಗಮನಿಸಿ. 225/50 ಆರ್15 ಟೈರಿನ ಸುತ್ತಳತೆ ಸುಮಾರು 1.9 ಮೀಟರ್. ಗಂಟೆಗೆ 100 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 15 ಸುತ್ತು ತಿರುಗುತ್ತದೆ. ಹಿಂಬದಿ ಚಕ್ರ ಚಾಲಿತ ಕಾರಿನ ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಷಿಯಲ್ ಅನುಪಾತ 3.9 ಆಗಿದ್ದರೆ, ಅದೇ ಹೊತ್ತಿನಲ್ಲಿ 57 ಸುತ್ತು ತಿರುಗುತ್ತದೆ. ಕೈಯಲ್ಲಿ ಹಿಡಿದ ಸ್ಟೀರಿಂಗ್ ಅತ್ತಿತ್ತ ಕುಲುಕಿದಂತೆ ಕಂಡರೆ ಮುಂದಿನ ಚಕ್ರ, ಸೀಟಿನ ಕೆಳಗೆ ನಿಧಾನವಾಗಿ ಅಲುಗಿದಂತಾದರೆ ಹಿಂದಿನ ಚಕ್ರ, ನೆಲದ ತಗಡು ಗುಂಯ್ ಎಂದು ಸಣ್ಣಗೆ ಕಂಪಿಸಿದರೆ ಶಾಫ್ಟ್. ಇಂಜಿನ್ ಅನ್ನು ಹೊರಗಿಡಲು ಆ ವೇಗದಲ್ಲಿ ಗೇರ್ ನ್ಯೂಟ್ರಲ್‌ಗೆ ತಂದು ಕಾರನ್ನು ತಾನಾಗಿ ಓಡಲು ಬಿಡಿ. ನಡುಕ ಉಳಿದರೆ ಇಂಜಿನ್ ನಿರ್ದೋಷಿ.

ವೇಗವನ್ನು ಮೀಟರಿನಲ್ಲಿ ನೋಡಬೇಡಿ, ಮೊಬೈಲಿನ ಜಿಪಿಎಸ್‌ನಲ್ಲಿ ನೋಡಿ. 195/50 ಆರ್15 ಟೈರಿನ ವ್ಯಾಸ 576 ಮಿ.ಮೀ. ಮಾತ್ರ. ಹಳೆಯ 175 ಆರ್14 ಟೈರಿನದು ಸುಮಾರು 635. ಮೀಟರ್ 100 ತೋರಿಸುವಾಗ ಕಾರು ನಿಜವಾಗಿ 91ರಲ್ಲಿ ಓಡುತ್ತಿರುತ್ತದೆ. ಎರಡು ಬಗೆಯ ಚಕ್ರಗಳನ್ನು ಮೀಟರ್ ನಂಬಿ ಹೋಲಿಸಿದರೆ ತೀರ್ಮಾನ ತಪ್ಪುತ್ತದೆ.

ಹಬ್‌ನ ಮುಖ

ಕಾರನ್ನು ಸಮನೆಲದಲ್ಲಿ ಜಾಕ್ ಏರಿಸಿ, ಸ್ಟ್ಯಾಂಡ್ ಮೇಲೆ ಇಳಿಸಿ. ಬರೀ ಜಾಕ್ ನಂಬಿ ಚಕ್ರ ಬಿಚ್ಚಬೇಡಿ. ಬಿಚ್ಚಿದ ಮೇಲೆ ಹಬ್‌ನ ಮುಖವನ್ನು ದೀಪ ಹಿಡಿದು ನೋಡಿ. ತುಕ್ಕಿನ ಹಕ್ಕಳೆ, ಹಳೆಯ ಬಣ್ಣ, ಬ್ರೇಕ್ ಡ್ರಮ್ಮಿನ ಮೇಲೆ ಉಳಿದ ಸಣ್ಣ ಸ್ಕ್ರೂವಿನ ತಲೆ, ಇವುಗಳಲ್ಲಿ ಯಾವುದಾದರೂ ಚಕ್ರವನ್ನು ಓರೆ ಮಾಡಬಲ್ಲದು. ಹಬ್‌ನ ಮುಖ 150 ಮಿ.ಮೀ. ವ್ಯಾಸದ್ದಾಗಿದ್ದು ಅದರ ಒಂದು ಅಂಚಿನಲ್ಲಿ 0.2 ಮಿ.ಮೀ. ದಪ್ಪದ ತುಕ್ಕು ಉಳಿದರೆ, 15 ಅಂಗುಲದ ರಿಮ್ಮಿನ ಅಂಚಿನಲ್ಲಿ ಅದು ಅರ್ಧ ಮಿಲಿಮೀಟರ್ ಓರೆಯಾಗುತ್ತದೆ. ತಂತಿ ಬ್ರಷ್‌ನಿಂದ ಲೋಹ ಹೊಳೆಯುವವರೆಗೆ ಉಜ್ಜಿ. ರಿಮ್ಮಿನ ಹಿಂಬದಿಗೂ ಅದೇ ಉಪಚಾರ ಮಾಡಿ. ಪೌಡರ್ ಕೋಟಿಂಗ್ ಮಾಡಿಸಿದ ರಿಮ್ಮಿನಲ್ಲಿ ಹಬ್‌ಗೆ ತಾಗುವ ಮುಖಕ್ಕೂ ನಟ್ ಕೂರುವ ಕುಳಿಗೂ ಬಣ್ಣ ಮೆತ್ತಿದ್ದರೆ ಅದನ್ನು ಪೂರ್ತಿ ತೆಗೆಯಿರಿ. ಆ ಬಣ್ಣ ಬಿಗಿತದಡಿ ನಿಧಾನವಾಗಿ ಪುಡಿಯಾಗುತ್ತದೆ, ನಟ್ ಸಡಿಲವಾಗುತ್ತದೆ.

ಮುಂದಿನದು ನಡುರಂಧ್ರ. ಇಂದಿನ ಕಾರುಗಳಲ್ಲಿ ಚಕ್ರದ ನಡುರಂಧ್ರ ಹಬ್‌ನ ಮೂತಿಯ ಮೇಲೆ ಬಿಗಿಯಾಗಿ ಕೂತು ಕೇಂದ್ರ ಸಿಗುತ್ತದೆ. ಆ ಕಾಲದ ಹೊರತಯಾರಿಕೆಯ ಚಕ್ರಗಳಲ್ಲಿ ಅನೇಕವು ಹಾಗಲ್ಲ. ಹಲವು ಕಾರುಗಳಿಗೆ ಹೊಂದಲಿ ಎಂದು ರಂಧ್ರವನ್ನು ದೊಡ್ಡದಾಗಿ ಬಿಟ್ಟಿರುತ್ತಾರೆ, ಕೇಂದ್ರ ಸಿಗುವುದು ನಟ್‌ಗಳಿಂದ ಮಾತ್ರ. ವರ್ನಿಯರ್ ಕ್ಯಾಲಿಪರ್‌ನಿಂದ ಎರಡನ್ನೂ ಅಳೆಯಿರಿ. ಅಂತರವಿದ್ದರೆ ಆ ಅಳತೆಗೆ ತಿರುಗಿಸಿದ ಉಂಗುರ ಮಾಡಿಸಿ ಹಾಕಿ. ಲೇತ್ ಇರುವ ಯಾವ ಕಾರ್ಯಾಗಾರದಲ್ಲಾದರೂ ಅಲ್ಯೂಮಿನಿಯಂ ಉಂಗುರ ಮಾಡಿಕೊಡುತ್ತಾರೆ. ಉಂಗುರ ಭಾರ ಹೊರುವುದಿಲ್ಲ, ನಟ್ ಬಿಗಿಯುವಾಗ ಚಕ್ರವನ್ನು ನಡುವಿನಲ್ಲಿ ಹಿಡಿಯುತ್ತದೆ ಅಷ್ಟೇ. ಬಹಳ ಕಾರುಗಳಲ್ಲಿ ನಡುಕ ಇಲ್ಲಿಗೇ ನಿಲ್ಲುತ್ತದೆ.

ನಟ್, ಸ್ಟಡ್, ಸ್ಪೇಸರ್

ನಿಸ್ಸಾನ್ ಕಾರುಗಳ ಸ್ಟಡ್ (ಹಬ್‌ನಿಂದ ಹೊರಚಾಚಿದ, ನಟ್ ಕೂರುವ ಬೋಲ್ಟ್) ಎಂ12, ಎಳೆಯ ಅಂತರ 1.25 ಮಿ.ಮೀ. ಟೊಯೋಟಾ, ಮಾಜ್ದಾ, ಹೋಂಡಾ, ಮಿತ್ಸುಬಿಷಿಯವರದು ಎಂ12, ಅಂತರ 1.5. ನಾಲ್ಕು ಸ್ಟಡ್‌ಗಳ ವೃತ್ತ ಹಲವು ಕಾರುಗಳಲ್ಲಿ 114.3 ಮಿ.ಮೀ. ಆಗಿರುವುದರಿಂದ ಚಕ್ರಗಳು ಒಂದು ಕಂಪನಿಯ ಕಾರಿನಿಂದ ಇನ್ನೊಂದಕ್ಕೆ ಸುಲಭವಾಗಿ ಹೋಗುತ್ತವೆ, ನಟ್‌ಗಳೂ ಜೊತೆಗೆ ಹೋಗಿಬಿಡುತ್ತವೆ. ತಪ್ಪು ನಟ್ ಎರಡು ಮೂರು ಸುತ್ತು ಹೋಗಿ ಗಟ್ಟಿಯಾಗುತ್ತದೆ. ಅದನ್ನು ಬಿಗಿ ಎಂದುಕೊಂಡು ಗಾಳಿ ಗನ್ ಹಚ್ಚಿದರೆ ಸ್ಟಡ್‌ನ ಎಳೆ ಕಿತ್ತುಹೋಗುತ್ತದೆ. ನಟ್ ಅನ್ನು ಬೆರಳಿನಿಂದ ಕೊನೆಯವರೆಗೆ ತಿರುಗಿಸಲು ಬರಬೇಕು. ಕಡಿಮೆಯೆಂದರೆ ಸ್ಟಡ್‌ನ ವ್ಯಾಸದಷ್ಟು, ಅಂದರೆ 12 ಮಿ.ಮೀ. ಎಳೆ ಕಚ್ಚಿರಬೇಕು. 1.25ರ ಎಳೆಯಲ್ಲಿ ಅದು ಸುಮಾರು ಹತ್ತು ಸುತ್ತು, 1.5ರಲ್ಲಿ ಎಂಟು. ಸ್ಪೇಸರ್ (ಹಬ್ ಮತ್ತು ಚಕ್ರದ ನಡುವೆ ಇಡುವ ಬಿಲ್ಲೆ) ಹಾಕಿದ ಕಾರಿನಲ್ಲಿ ಇದನ್ನು ಎಣಿಸದೆ ರಸ್ತೆಗಿಳಿಯುವುದು ಪ್ರಾಣದ ಜೊತೆ ಆಟ. ಸುತ್ತು ಕಡಿಮೆಯಿದ್ದರೆ ಉದ್ದದ ಸ್ಟಡ್ ಹಾಕಿಸಿ, ಬೇರೆ ದಾರಿಯಿಲ್ಲ.

ನಟ್‌ನ ಕೂರುವ ಆಕಾರವನ್ನೂ ನೋಡಿ. ಹೆಚ್ಚಿನವು 60 ಡಿಗ್ರಿಯ ಶಂಕುವಿನಾಕಾರದವು. ಕೆಲವು ಹಳೆಯ ಚಕ್ರಗಳಲ್ಲಿ ಮಾತ್ರ ನೇರ ಕೊಳವೆಯಂಥ ಕತ್ತು ಮತ್ತು ಚಪ್ಪಟೆ ವಾಷರ್ ಇರುವ ನಟ್ ಬೇಕು. ಅಂಥ ರಂಧ್ರಕ್ಕೆ ಶಂಕುವಿನ ನಟ್ ಹಾಕಿದರೆ ಅದು ಅಂಚಿನ ಒಂದು ಗೆರೆಯ ಮೇಲೆ ಮಾತ್ರ ಕೂತು ಅಲ್ಯೂಮಿನಿಯಂ ಅನ್ನು ಅಗೆಯುತ್ತದೆ. ರಂಧ್ರದ ಸುತ್ತ ಬೆಳ್ಳಿಯಂಥ ಪುಡಿ ಅಥವಾ ಅಂಡಾಕಾರ ಕಂಡರೆ ಆ ಚಕ್ರ ಅಲುಗುತ್ತಾ ಓಡಿದೆ ಎಂದರ್ಥ. ಅಂಡಾಕಾರವಾದ ರಂಧ್ರಕ್ಕೆ ಮರಳಿ ಬಿಗಿಯುವುದು ಪರಿಹಾರವಲ್ಲ. ಆ ಭಾಗವನ್ನು ಪರಿಣತರಿಂದ ಮರುನಿರ್ಮಿಸಬೇಕು, ಇಲ್ಲವೇ ಚಕ್ರ ಬದಲಿಸಬೇಕು.

ಬಿಗಿಯುವ ಕ್ರಮ: ಚಕ್ರ ಗಾಳಿಯಲ್ಲಿರುವಾಗಲೇ ನಾಲ್ಕೂ ನಟ್‌ಗಳನ್ನು ಎದುರುಬದುರಾಗಿ ಕೈಯಿಂದ ಕೂರಿಸಿ, ಚಕ್ರವನ್ನು ಅಲುಗಿಸಿ ಮತ್ತೆ ಕೂರಿಸಿ, ನಂತರ ನೆಲಕ್ಕಿಳಿಸಿ ಟಾರ್ಕ್ ರೆಂಚ್‌ನಿಂದ ಎರಡು ಹಂತದಲ್ಲಿ ಬಿಗಿಯಿರಿ. ಫೇರ್‌ಲೇಡಿಯಂಥ ಕಾರಿಗೆ 80ರಿಂದ 90 ನ್ಯೂಟನ್ ಮೀಟರ್ ಸಾಕು. 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡಿ.

ರಿಮ್ ನೇರವಾಗಿದೆಯೇ

ಡಯಲ್ ಗೇಜ್ ಇದ್ದರೆ ಸ್ಟ್ಯಾಂಡಿಗೆ ಕಟ್ಟಿ ರಿಮ್ಮಿನ ಒಳ ಅಂಚಿಗೂ ಹೊರ ಅಂಚಿಗೂ ತಾಗಿಸಿ ನಿಧಾನವಾಗಿ ತಿರುಗಿಸಿ. ಇಲ್ಲದಿದ್ದರೆ ಗಟ್ಟಿ ತಂತಿಯ ತುದಿಯನ್ನು ಅಂಚಿನ ಹತ್ತಿರ ನಿಲ್ಲಿಸಿ ಫೀಲರ್ ಗೇಜಿನಿಂದ ಅಂತರ ಅಳೆಯಿರಿ. ಮೇಲೆ-ಕೆಳಗೂ ಪಕ್ಕಕ್ಕೂ ಒಂದು ಮಿಲಿಮೀಟರ್ ದಾಟಬಾರದು. ಅರ್ಧದೊಳಗಿದ್ದರೆ ಒಳ್ಳೆಯದು. ದಾಟಿದರೆ ತಕ್ಷಣ ರಿಮ್ಮನ್ನು ದೂರಬೇಡಿ. ಗರಿಷ್ಠ ಓರೆ ಇರುವ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಚಕ್ರವನ್ನು ಬಿಚ್ಚಿ, ಒಂದು ಸ್ಟಡ್ ಮುಂದಕ್ಕೆ ತಿರುಗಿಸಿ ಹಾಕಿ ಮತ್ತೆ ಅಳೆಯಿರಿ. ಗರಿಷ್ಠ ಓರೆ ಗುರುತಿನ ಜೊತೆಯೇ ಹೋದರೆ ರಿಮ್ ಓರೆ. ಗರಿಷ್ಠ ಓರೆ ಹಬ್‌ನ ಅದೇ ಜಾಗದಲ್ಲಿ ಉಳಿದರೆ ಹಬ್ ಓರೆ.

ಮೂರು ತುಂಡಿನ ಚಕ್ರಗಳಲ್ಲಿ ಇನ್ನೊಂದು ಸಾಧ್ಯತೆಯಿದೆ. ನಡುವಿನ ಡಿಸ್ಕ್, ಟೈರ್ ಕೂರುವ ಬಳೆಯ ಎರಡು ಭಾಗಗಳಾದ ಒಳ ಬ್ಯಾರಲ್, ಹೊರ ಬ್ಯಾರಲ್, ಈ ಮೂರನ್ನು ಸುತ್ತಲೂ ಸಣ್ಣ ಬೋಲ್ಟ್‌ಗಳಿಂದ ಜೋಡಿಸಿರುತ್ತಾರೆ. ಹೊಳಪು ಕೊಡಿಸಲು ಅಥವಾ ಅಗಲ ಹೆಚ್ಚಿಸಲು ಯಾರೋ ಬಿಚ್ಚಿ ಮರುಜೋಡಿಸಿದಾಗ ಜೋಡಣೆಯ ಮುಖದಲ್ಲಿ ಹಳೆಯ ಸಿಲಿಕೋನ್ ಚೂರು ಉಳಿದಿದ್ದರೆ ಇಡೀ ಬ್ಯಾರಲ್ ಓರೆಯಾಗುತ್ತದೆ. ಒಳ ಅಂಚು ನೇರವಾಗಿದ್ದು ಹೊರ ಅಂಚು ಮಾತ್ರ ಓಲಾಡಿದರೆ ಇದನ್ನೇ ಮೊದಲು ಅನುಮಾನಿಸಿ.

ಈಗ ಬ್ಯಾಲೆನ್ಸಿಂಗ್

ಇಲ್ಲಿಯವರೆಗೆ ಬಂದು ಎಲ್ಲ ಸರಿಯಿದ್ದರೆ ಮಾತ್ರ ಯಂತ್ರದ ಬಳಿ ಹೋಗಿ. ಡೀಪ್ ಡಿಶ್ ಚಕ್ರವನ್ನು ಬ್ಯಾಲೆನ್ಸ್ ಮಾಡುವುದು ಸಾಮಾನ್ಯ ಚಕ್ರಕ್ಕಿಂತ ಕಷ್ಟ. ಇದನ್ನು ತುಸು ವಿವರವಾಗಿ ಹೇಳುತ್ತೇನೆ, ಏಕೆಂದರೆ ಟೈರ್ ಅಂಗಡಿಗಳಲ್ಲಿ ಇದನ್ನು ಯಾರೂ ವಿವರಿಸುವುದಿಲ್ಲ.

ಮೊದಲನೆಯದು ಚಕ್ರವನ್ನು ಯಂತ್ರಕ್ಕೆ ಹಿಡಿಸುವ ರೀತಿ. ಯಂತ್ರ ನಡುರಂಧ್ರಕ್ಕೆ ಶಂಕು ತೂರಿಸಿ ಕೇಂದ್ರ ಹಿಡಿಯುತ್ತದೆ. ಕಾರಿನ ಮೇಲೆ ಚಕ್ರ ಕೇಂದ್ರ ಹಿಡಿಯುವುದು ನಟ್‌ಗಳಿಂದ. ಹಳೆಯ ಚಕ್ರದ ನಡುರಂಧ್ರ ನಯವಾಗಿ ಕೊರೆದದ್ದಲ್ಲದಿದ್ದರೆ ಈ ಎರಡು ಕೇಂದ್ರಗಳು ಬೇರೆಬೇರೆ. ಯಂತ್ರದಲ್ಲಿ ಸೊನ್ನೆ ತೋರಿಸಿದ ಚಕ್ರ ಕಾರಿನಲ್ಲಿ ನಡುಗುವುದು ಹೀಗೆ. ಸ್ಟಡ್ ರಂಧ್ರಗಳಿಂದ ಹಿಡಿಯುವ ಅಡಾಪ್ಟರ್ ಇರುವ ಅಂಗಡಿಯನ್ನೇ ಹುಡುಕಿ.

ಎರಡನೆಯದು ತೂಕ ಅಂಟಿಸುವ ಜಾಗ. ಅಗಲದ ಚಕ್ರಕ್ಕೆ ಒಳಬದಿಯಲ್ಲಿ ಒಂದು, ಹೊರಬದಿಯಲ್ಲಿ ಒಂದು, ಹೀಗೆ ಎರಡು ತಲದಲ್ಲಿ ತೂಕ ಬೇಕು. ಹೊಳೆಯುವ ಹೊರ ಅಂಚಿಗೆ ತೂಕ ಹೊಡೆಯಲು ಯಾರಿಗೂ ಮನಸ್ಸು ಬರುವುದಿಲ್ಲ, ಹಾಗಾಗಿ ಎರಡನ್ನೂ ಡಿಸ್ಕಿನ ಹಿಂದೆ ಅಡಗಿಸುತ್ತಾರೆ. ಸಾಮಾನ್ಯ ಚಕ್ರದಲ್ಲಿ ಡಿಸ್ಕ್ ಹೊರ ಅಂಚಿನ ಹತ್ತಿರ ಇರುವುದರಿಂದ ಅದು ನಡೆಯುತ್ತದೆ. ಡೀಪ್ ಡಿಶ್‌ನಲ್ಲಿ ಡಿಸ್ಕ್ ಒಳಗೆ ಸರಿದಿದೆ. ಅದರ ಹಿಂದೆ ಉಳಿದಿರುವುದು ನಾಲ್ಕು ಅಂಗುಲವೋ ಇನ್ನೂ ಕಡಿಮೆಯೋ. ಎರಡು ತಲಗಳು ಅಷ್ಟು ಹತ್ತಿರವಾದಾಗ ಚಕ್ರದ ಓಲಾಟವನ್ನು ಸರಿದೂಗಿಸಲು ಭಾರಿ ತೂಕ ಬೇಕಾಗುತ್ತದೆ, ಅಂಟಿಸುವ ಜಾಗದಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಫಲ ಕೆಡುತ್ತದೆ. ಹೊರತಲದ ತೂಕವನ್ನು ಡಿಶ್‌ನ ಒಳಗೋಡೆಗೆ, ಹೊರ ಅಂಚಿನ ಹತ್ತಿರ ಅಂಟಿಸಲು ಹೇಳಿ. ಎದುರು ನಿಂತರೆ ಅದು ಕಾಣುತ್ತದೆ, ನಿಜ. ಕಪ್ಪು ಅಥವಾ ಬೆಳ್ಳಿ ಬಣ್ಣದ ತೆಳು ಪಟ್ಟಿಗಳು ಸಿಗುತ್ತವೆ. ಹೆದ್ದಾರಿಯಲ್ಲಿ ಸ್ಟೀರಿಂಗ್ ನೆಟ್ಟಗಿರುವುದು ಆ ಪಟ್ಟಿ ಕಾಣದಿರುವುದಕ್ಕಿಂತ ದೊಡ್ಡ ಸುಖ.

ಬೇರಿಂಗ್ ಮತ್ತು ಬುಷ್

ಚಕ್ರದ ನಡುಗೆರೆ 22 ಮಿ.ಮೀ. ಹೊರಗೆ ಸರಿದಾಗ ಕಾರಿನ ಭಾರವೂ ಅಷ್ಟೇ ಹೊರಗೆ ಬೀಳುತ್ತದೆ. ಮುಂದಿನ ಹಬ್‌ನಲ್ಲಿ ಎರಡು ಟೇಪರ್ ರೋಲರ್ ಬೇರಿಂಗ್‌ಗಳಿವೆ, ಒಳಗಿನದು ದೊಡ್ಡದು, ಹೊರಗಿನದು ಚಿಕ್ಕದು. ಋಣ ಆಫ್‌ಸೆಟ್‌ನ ಚಕ್ರ ಚಿಕ್ಕದರ ಮೇಲೆ ಹೆಚ್ಚು ಭಾರ ಹೇರುತ್ತದೆ. ಚಕ್ರವನ್ನು ಮೇಲೆತ್ತಿ, ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲುಗಿಸಿ. ಆಟ ಇದ್ದರೆ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ಮತ್ತೆ ಅಲುಗಿಸಿ. ಆಟ ಮಾಯವಾದರೆ ಬೇರಿಂಗ್, ಹಾಗೆಯೇ ಉಳಿದರೆ ಬಾಲ್ ಜಾಯಿಂಟ್ ಅಥವಾ ಸ್ಟ್ರಟ್. 9 ಮತ್ತು 3ರ ಜಾಗದಲ್ಲಿ ಮಾತ್ರ ಆಟ ಕಂಡರೆ ಟೈ ರಾಡ್ ಅಥವಾ ಸ್ಟೀರಿಂಗ್ ರ್‍ಯಾಕ್.

ಬೇರಿಂಗ್ ಸಡಿಲವಿದ್ದರೆ ಅದನ್ನು ಹಿಡಿದಿರುವ ಕ್ಯಾಸಲ್ ನಟ್ ಬಿಗಿದು ಮುಗಿಸಬೇಡಿ. ತೆಗೆದು, ಸೀಮೆಎಣ್ಣೆಯಲ್ಲಿ ತೊಳೆದು, ರೋಲರ್ ಮೇಲೆ ನೀಲಿ ಕಲೆ ಅಥವಾ ಕುಳಿ ಇದೆಯೇ ನೋಡಿ. ಇದ್ದರೆ ಹೊರ ಉಂಗುರವನ್ನೂ ಸೇರಿಸಿ ಬದಲಿಸಿ. ಹೊಸ ಗ್ರೀಸ್ ತುಂಬಿ, ಕಾರಿನ ಕೈಪಿಡಿ ಹೇಳಿದಷ್ಟು ಬಿಗಿದು ಸಡಿಲಿಸಿ ಹೊಸ ಪಿನ್ ಹಾಕಿ. ಅಗಲದ ಚಕ್ರ ಹಾಕಿದವರು ಈ ಕೆಲಸವನ್ನು ಮೊದಲಿಗಿಂತ ಬೇಗಬೇಗ ಮಾಡುತ್ತಿರಬೇಕಾಗುತ್ತದೆ.

ಫೇರ್‌ಲೇಡಿಯಲ್ಲಿ ಮುಂದಿನ ಕೆಳ ತೋಳನ್ನು ಹಿಂದೆ-ಮುಂದೆ ಸರಿಯದಂತೆ ಹಿಡಿಯುವ ಟೆನ್ಷನ್ ರಾಡ್‌ನ ರಬ್ಬರ್ ಬುಷ್ ಈ ನಡುಕದ ಹಳೆಯ ಪಾಲುದಾರ. ರಬ್ಬರ್ ಬಿರುಕು ಬಿಟ್ಟಿದ್ದರೆ ಚಕ್ರ ಮುಂದೆ-ಹಿಂದೆ ಮಿಡಿಯುತ್ತದೆ, ಬ್ರೇಕ್ ಒತ್ತಿದಾಗ ಜೋರಾಗುತ್ತದೆ. ಸ್ಟೀರಿಂಗ್ ರ್‍ಯಾಕ್ ಅನ್ನು ಹಿಡಿದಿರುವ ರಬ್ಬರ್‌ಗಳೂ ಹಾಗೆಯೇ. ಇವುಗಳ ಬೆಲೆ ಒಂದು ಟೈರಿಗಿಂತ ಕಡಿಮೆ. ಹಿಂಬದಿಯಲ್ಲಿ, ಜಿಗುಟು ಟೈರ್ ಹಾಕಿ ಜೋರಾಗಿ ಓಡಿಸುವವರು ಹಿಂದಿನ ಸ್ಟಬ್ ಆಕ್ಸಲ್ (ಹಿಂದಿನ ಚಕ್ರವನ್ನು ತಿರುಗಿಸುವ ಗಿಡ್ಡ ಅಕ್ಷ) ಅನ್ನೂ ಬಿಚ್ಚಿ ನೋಡಬೇಕು. ಇದೇ ಕಾರಿನ 240 ಮತ್ತು 260 ಜೆಡ್ ಮಾದರಿಗಳಲ್ಲಿ ಅದು 25 ಹಲ್ಲಿನದು, 280ರಲ್ಲಿ ಗಟ್ಟಿಯಾದ 27 ಹಲ್ಲಿನದು ಬಂತು.

ಕಾರು ಜಾಡು ಹಿಡಿದು ಎಳೆದರೆ

ಸ್ಟೀರಿಂಗ್ ತಿರುಗುವ ಅಕ್ಷವನ್ನು ನೆಲದವರೆಗೆ ಎಳೆದರೆ ಅದು ಮುಟ್ಟುವ ಬಿಂದುವಿಗೂ ಟೈರಿನ ನಡುಗೆರೆಗೂ ಇರುವ ಅಂತರ ಸ್ಕ್ರಬ್ ತ್ರಿಜ್ಯ. ನಡುಗೆರೆ 22 ಮಿ.ಮೀ. ಹೊರಗೆ ಹೋದರೆ ಅದೂ 22 ಬೆಳೆಯುತ್ತದೆ, ಟೈರ್ ಚಿಕ್ಕದಾಗಿದ್ದರೆ ಇನ್ನೂ ಕೆಲವು ಮಿಲಿಮೀಟರ್ ಸೇರುತ್ತದೆ. ರಸ್ತೆಯ ಪ್ರತಿ ಗುಂಡಿಯೂ ಅಷ್ಟು ಉದ್ದದ ಸನ್ನೆಗೋಲು ಹಿಡಿದು ಸ್ಟೀರಿಂಗನ್ನು ಎಳೆಯುತ್ತದೆ. ಒಂದು ಟನ್ನಿನ ಆಸುಪಾಸಿನ ಹಗುರ ಕಾರಿನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ.

ಇದು ದೋಷವಲ್ಲ, ಆಯ್ಕೆಯ ಫಲ. ಪೂರ್ತಿ ಹೋಗುವುದಿಲ್ಲ, ಕಡಿಮೆ ಮಾಡಬಹುದು. ವೀಲ್ ಅಲೈನ್‌ಮೆಂಟ್‌ನಲ್ಲಿ ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಅನ್ನು ಮೊದಲು ಸರಿಪಡಿಸಿ, ಏಕೆಂದರೆ ಕಾರನ್ನು ತಗ್ಗಿಸಿದಾಗಲೇ ಅದು ಬದಲಾಗಿರುತ್ತದೆ. ಎಡಬಲದ ಗಾಳಿಯ ಒತ್ತಡ ಸಮವಿರಲಿ. ಬ್ರೇಕ್ ಒತ್ತಿದಾಗ ಮಾತ್ರ ಒಂದು ಕಡೆ ಎಳೆದರೆ ಆ ಎಳೆತದ ಬೇರು ಕ್ಯಾಲಿಪರ್‌ನಲ್ಲಿರುತ್ತದೆ, ಸ್ಕ್ರಬ್ ಅದನ್ನು ದೊಡ್ಡದು ಮಾಡುತ್ತದೆ. ಇಷ್ಟಾದರೂ ಸಹಿಸಲಾಗದಿದ್ದರೆ ಮುಂದಿನ ಚಕ್ರಕ್ಕೆ ಸೊನ್ನೆಯ ಆಸುಪಾಸಿನ ಆಫ್‌ಸೆಟ್ ಆರಿಸಿ, ಆಳವನ್ನು ಹಿಂದಿನ ಚಕ್ರಕ್ಕೆ ಬಿಡಿ. ಹಿಂದೆ ಆಳ, ಮುಂದೆ ಮಿತ, ಇದು ಆ ಕಾಲದಿಂದಲೂ ನಡೆದುಬಂದ ಜೋಡಿ.

ಉಜ್ಜುವ ಸದ್ದು

ಎಲ್ಲಿ ಉಜ್ಜುತ್ತಿದೆ ಎಂಬುದನ್ನು ಕಿವಿಯಿಂದ ಊಹಿಸಬೇಡಿ. ಮಕ್ಕಳು ಆಡುವ ಬಣ್ಣದ ಜೇಡಿಯ ಉಂಡೆಗಳನ್ನು ಫೆಂಡರಿನ ಒಳ ಅಂಚಿಗೆ, ಸ್ಟ್ರಟ್‌ಗೆ, ಒಳಗೋಡೆಗೆ ಅಂಟಿಸಿ ಒಂದು ಸುತ್ತು ಹೋಗಿ ಬನ್ನಿ. ಚಪ್ಪಟೆಯಾದ ಉಂಡೆಯ ದಪ್ಪವೇ ಉಳಿದಿರುವ ಜಾಗ. ಸ್ಪ್ರಿಂಗ್ ತೆಗೆದು ಸಸ್ಪೆನ್ಷನ್ ಅನ್ನು ಅದರ ಮೇಲ್ಮಿತಿಯ ತಡೆಯಾದ ಬಂಪ್ ಸ್ಟಾಪ್‌ವರೆಗೆ ಜಾಕ್‌ನಿಂದ ಎತ್ತಿ, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡುವುದು ಇನ್ನೂ ಖಚಿತ.

ಸ್ಟ್ರಟ್‌ನ ಸ್ಪ್ರಿಂಗ್ ತಟ್ಟೆಗೆ ತಾಗುತ್ತಿದ್ದರೆ ಕಡಿಮೆ ವ್ಯಾಸದ ಸ್ಪ್ರಿಂಗ್ ಇರುವ ಕಾಯಿಲೋವರ್ (ಸ್ಪ್ರಿಂಗ್ ಸುತ್ತಿದ ಶಾಕ್ ಅಬ್ಸಾರ್ಬರ್) ಜಾಗ ಕೊಡುತ್ತದೆ. ಫೆಂಡರಿನ ತುಟಿಗೆ ತಾಗುತ್ತಿದ್ದರೆ ಅದನ್ನು ಬಿಸಿಗಾಳಿಯಿಂದ ಕಾಯಿಸಿ ಒಳಕ್ಕೆ ಮಡಿಸಬಹುದು. ಕತ್ತರಿಸಿ ಮೇಲು ಫೆಂಡರ್ ಕೂರಿಸುವುದಾದರೆ, ಹಿಂಬದಿಯಲ್ಲಿ ಹೊರ ತಗಡು ಮತ್ತು ಒಳ ತಗಡು ಕೂಡುವ ಅಂಚು ಹೋಗುತ್ತದೆ ಎಂಬುದನ್ನು ಮರೆಯಬೇಡಿ. ಎರಡನ್ನೂ ಬೆಸುಗೆಯಿಂದ ಮತ್ತೆ ಕೂಡಿಸಿ ಸೀಲ್ ಮಾಡದಿದ್ದರೆ ಒಳಗೆ ನೀರು ನುಗ್ಗಿ ಕಾರು ಒಳಗಿನಿಂದ ತಿಂದುಹೋಗುತ್ತದೆ. ರಿವೆಟ್ ಹೊಡೆದ ಅಂದದ ಫೆಂಡರಿನ ಕೆಳಗೆ ಪುಡಿಯಾದ ತಗಡನ್ನು ನೋಡುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಒಂದೇ ಬದಿ ಉಜ್ಜಿದರೆ? ಎಇ86ನಲ್ಲಿ ಹಿಂದಿನ ಗಟ್ಟಿ ಆಕ್ಸಲ್ ಅನ್ನು ಅಡ್ಡಕ್ಕೆ ಹಿಡಿಯುವ ಲ್ಯಾಟರಲ್ ರಾಡ್ ಇದೆ. ಕಾರನ್ನು ತಗ್ಗಿಸಿದಾಗ ಅದು ಇಡೀ ಆಕ್ಸಲ್ ಅನ್ನು ಒಂದು ಬದಿಗೆ ತಳ್ಳುತ್ತದೆ. ಉದ್ದ ಹೊಂದಿಸಬಹುದಾದ ರಾಡ್ ಹಾಕಿದರೆ ಮುಗಿಯಿತು. ಹಿಂಬದಿಯಲ್ಲಿ ಸೆಮಿ ಟ್ರೇಲಿಂಗ್ ತೋಳುಗಳಿರುವ ಹಾಕೊಸುಕ ಮಾದರಿಗಳಲ್ಲಿ ತಗ್ಗಿಸಿದಂತೆಲ್ಲ ಚಕ್ರದ ತಲೆ ಒಳಕ್ಕೆ ವಾಲುತ್ತದೆ, ಟೋ ಕೂಡ ಬದಲಾಗುತ್ತದೆ. ಟೈರಿನ ಒಳ ಅಂಚು ಮಾತ್ರ ಸವೆಯುವುದು ಅದರ ಗುರುತು.

ಗಾಳಿ ಇಳಿಯುವುದು

ಚಕ್ರವನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಆಗದಿದ್ದರೆ ಸಾಬೂನು ನೀರು ಹಚ್ಚಿ. ಗುಳ್ಳೆ ಬರುವ ಜಾಗಗಳು ನಾಲ್ಕು: ವಾಲ್ವ್, ಟೈರಿನ ಅಂಚು, ಬ್ಯಾರಲ್‌ಗಳ ಕೂಡುಗೆರೆ, ಎರಕದ ಲೋಹ. ಕೂಡುಗೆರೆಯಲ್ಲಿ ಬಂದರೆ ಮೇಲಿನಿಂದ ಇನ್ನಷ್ಟು ಸಿಲಿಕೋನ್ ಬಳಿಯುವುದು ವ್ಯರ್ಥ. ಹಳೆಯದನ್ನು ಪೂರ್ತಿ ಕೆರೆದು, ಸಾಲ್ವೆಂಟ್‌ನಿಂದ ಒರೆಸಿ, ಹೊಸದನ್ನು ತುಂಬಿ, ಒಂದು ಇಡೀ ದಿನ ಒಣಗಲು ಬಿಟ್ಟು ಆಮೇಲೆ ಟೈರ್ ಹಾಕಿ. ತುಕ್ಕು ಹಿಡಿದ ಜೋಡಣೆ ಬೋಲ್ಟ್‌ಗಳನ್ನು ಮರಳಿ ಬಳಸಬೇಡಿ.

ಅಂಚಿನಲ್ಲಿ ಬಂದರೆ ಟೈರಿನ ಅಳತೆ ನೋಡಿ. 195/50 ಆರ್15 ಟೈರಿಗೆ ಒಪ್ಪಿತ ರಿಮ್ ಅಗಲ 5.5ರಿಂದ 7 ಅಂಗುಲ. ಅದನ್ನು 9 ಅಂಗುಲದ ರಿಮ್ಮಿಗೆ ಹಿಗ್ಗಿಸಿ ಕೂರಿಸುವ ರೂಢಿ ಜಪಾನಿನಲ್ಲಿ ಬೇರೂರಿದೆ. ಹಾಗೆ ಕೂರಿಸಿದ ಟೈರ್ ಅಂಚಿನ ಮೇಲೆ ಓರೆಯಾಗಿ ನಿಲ್ಲುತ್ತದೆ. ಒತ್ತಡ ಸ್ವಲ್ಪ ಇಳಿದು ತಿರುವಿನಲ್ಲಿ ಪಕ್ಕದ ಬಲ ಬಿದ್ದರೆ ಅಂಚು ಜಾರುತ್ತದೆ. ನನ್ನ ಅಭಿಪ್ರಾಯ ಸ್ಪಷ್ಟ: ಹೆದ್ದಾರಿಗೆ ಹೋಗುವ ಕಾರಿನಲ್ಲಿ ಇದು ಬೇಡ. 225/50 ಆರ್15 ಟೈರಿನ ಮಿತಿ 8 ಅಂಗುಲದವರೆಗೆ ಇದೆ, 8 ಅಂಗುಲದ ರಿಮ್ ಕೂಡ ಈ ಕಾರುಗಳ ಮೇಲೆ ಸುಂದರವಾಗಿಯೇ ಕಾಣುತ್ತದೆ. ಹಿಗ್ಗಿಸಿದ ಟೈರನ್ನು ಕೂರಿಸಲು ಒಳಗೆ ಪೆಟ್ರೋಲ್ ಅಥವಾ ಸ್ಪ್ರೇ ಸಿಂಪಡಿಸಿ ಬೆಂಕಿ ಕೊಡುವ ಪದ್ಧತಿಯನ್ನು ಯಾರೇ ತೋರಿಸಿದರೂ ಒಪ್ಪಬೇಡಿ. ರಿಮ್ ಒಡೆದು ಕೈಕಾಲು ಹೋಗಬಹುದು.

ಜಪಾನಿನ ವಾಹನ ತಪಾಸಣೆಗೆ ಹೋಗುವವರಿಗೆ ಇನ್ನೊಂದು ಮಾತು. ಚಕ್ರದ ನಡುವಿನಿಂದ ಮುಂದಕ್ಕೆ 30, ಹಿಂದಕ್ಕೆ 50 ಡಿಗ್ರಿ ವ್ಯಾಪ್ತಿಯಲ್ಲಿ ಚಕ್ರ ಫೆಂಡರಿನಿಂದ ಹೊರಗೆ ಬರಬಾರದು. 2017ರಿಂದ ಟೈರಿನ ರಬ್ಬರ್ ಭಾಗಕ್ಕೆ ಮಾತ್ರ 10 ಮಿ.ಮೀ.ಗಿಂತ ಕಡಿಮೆ ವಿನಾಯಿತಿ ಇದೆ, ರಿಮ್ಮಿಗೆ ಇಲ್ಲ. ನೆಲದಿಂದ 9 ಸೆಂ.ಮೀ. ಅಂತರವೂ ಬೇಕು.

ಬಿರುಕು

ಗಾಳಿ ಎರಕದ ಲೋಹದಿಂದಲೇ ಬರುತ್ತಿದ್ದರೆ ಅಲ್ಲಿ ಬಿರುಕಿದೆ ಎಂದು ತಿಳಿಯಿರಿ. ಕಡ್ಡಿಯ ಬುಡ, ನಟ್ ರಂಧ್ರಗಳ ಸುತ್ತ, ಒಳ ಬ್ಯಾರಲ್‌ನ ಹಿಂಬದಿ ಅಂಚು, ಈ ಮೂರು ಜಾಗಗಳನ್ನು ತೊಳೆದು ಒಣಗಿಸಿ ಕೆಂಪು ಪೆನೆಟ್ರಂಟ್ ಹಚ್ಚಿ, ಒರೆಸಿ, ಬಿಳಿ ಡೆವಲಪರ್ ಸಿಂಪಡಿಸಿ. ಬಿಳಿಯ ಮೇಲೆ ಮೂಡಿದ ಕೆಂಪು ಗೆರೆ ಬಿರುಕು. ಹಳೆಯ ಚಕ್ರ ಕೊಳ್ಳುವ ಮುನ್ನ ಹಿಂಬದಿಯಲ್ಲಿ ಜಪಾನಿನ ಚಕ್ರ ಸುರಕ್ಷತಾ ಮಾನದಂಡವಾದ ಜೆಡಬ್ಲ್ಯೂಎಲ್‌ನ ಗುರುತು ಹುಡುಕಿ, ಸ್ವತಂತ್ರ ಪರೀಕ್ಷೆಯನ್ನು ಸೂಚಿಸುವ ವಿಐಎ ಗುರುತೂ ಇದ್ದರೆ ಮತ್ತಷ್ಟು ಒಳ್ಳೆಯದು. ಜೆಡಬ್ಲ್ಯೂಎಲ್ ಮಾನದಂಡದಲ್ಲಿ ಬಾಗುವಿಕೆ, ಭಾರ ಮತ್ತು ಹೊಡೆತದ ಪರೀಕ್ಷೆಗಳಿವೆ. ಗುರುತಿಲ್ಲದ ನಕಲುಗಳು ಅದೇ ಎಂಟು ಕಡ್ಡಿಯ ರೂಪದಲ್ಲಿ ಎಲ್ಲೆಡೆ ಸಿಗುತ್ತವೆ.

ಮೆಗ್ನೀಸಿಯಂ ಚಕ್ರಗಳ ಮಾತು ಬೇರೆ. ಬಣ್ಣ ಹೋದ ಕಡೆ ಅವು ಬಿಳಿ ಪುಡಿಯಾಗಿ ಕೊರೆಯುತ್ತವೆ, ವಯಸ್ಸಾದವು ಮುನ್ಸೂಚನೆಯಿಲ್ಲದೆ ಒಡೆಯಬಹುದು. ಅವನ್ನು ಗ್ರೈಂಡರ್‌ನಿಂದ ಉಜ್ಜಬೇಡಿ, ಪುಡಿಗೆ ಬೆಂಕಿ ಹತ್ತುತ್ತದೆ, ನೀರು ಹಾಕಿದರೆ ಇನ್ನೂ ಹೆಚ್ಚು ಉರಿಯುತ್ತದೆ. ಪ್ರದರ್ಶನಕ್ಕೆ ಮೀಸಲಿಡಿ, ರಸ್ತೆಗೆ ಅಲ್ಯೂಮಿನಿಯಂ ಹಾಕಿ. ವತನಬೆ, ಎಸ್‌ಎಸ್‌ಆರ್ ಇಂದಿಗೂ ಆ ಹಳೆಯ ವಿನ್ಯಾಸಗಳನ್ನು ಹೊಸದಾಗಿ ತಯಾರಿಸುತ್ತಿವೆ. ಅಲ್ಯೂಮಿನಿಯಂ ಚಕ್ರದಲ್ಲಿ ಕಡ್ಡಿಯ ಬುಡದಲ್ಲೋ ನಟ್ ರಂಧ್ರದ ಬಳಿಯೋ ಬಿರುಕು ಕಂಡರೆ ಬೆಸುಗೆ ಹಾಕಿಸಬೇಡಿ. ಮೂರು ತುಂಡಿನದರಲ್ಲಿ ಬ್ಯಾರಲ್ ಮಾತ್ರ ಬಿರಿದಿದ್ದರೆ ಅದೊಂದನ್ನು ಬದಲಿಸಿ ಡಿಸ್ಕ್ ಉಳಿಸಿಕೊಳ್ಳಬಹುದು. ಡಿಸ್ಕೇ ಬಿರಿದಿದ್ದರೆ ಆ ಚಕ್ರವನ್ನು ಮತ್ತೆ ಯಾರೂ ಕಾರಿಗೆ ಹಾಕದಂತೆ ಕತ್ತರಿಸಿ ಗುಜರಿಗೆ ಕೊಡಿ.